ಹಗೇವಿನ ನಾಲ್ವರು ರಾಜಕುಮಾರಿಯರು

ಒಂದಾನೊಂದು ಊರಿನಲ್ಲಿ, ನೆಲದ ಹೊಟ್ಟೆಯೊಳಗೆ, ನಾಲ್ವರು ರಾಜಕುಮಾರಿಯರು ಇಪ್ಪತ್ತೈದು ವರ್ಷಗಳಿಂದ ನಿದ್ದೆ ಹೋಗಿದ್ದರು. ಊರು ತೇರಗಾಂವ. ನೆಲದ ಹೊಟ್ಟೆ ಎಂದರೆ ಶಿವಲಿಂಗಪ್ಪನ ಅಜ್ಜ ಕಾಳು ತುಂಬಲು ಅಂಗಳದಲ್ಲಿ ತೋಡಿಸಿದ್ದ ಹಗೇವು. ಬಾಯಿ ಕಿರಿದು, ಒಳಗೆ ಕೋಣೆಯಷ್ಟು ಅಗಲ. ರಾಜಕುಮಾರಿಯರು ಎಂದರೆ ನಾಲ್ಕು ಬಾಟಲಿ ವೈನು. ಕಾವಲಿಗಿದ್ದ ಶಿವಲಿಂಗಪ್ಪನೋ ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಚಹಾಕ್ಕಿಂತ ಗಟ್ಟಿಯಾದದ್ದನ್ನು ಎಂದೂ ಕುಡಿಯದ ಮನುಷ್ಯ.

ಆ ಕಾವಲು ಅವನ ದೋಸ್ತ ಪೆದ್ರುವಿನ ದೊಡ್ಡಪ್ಪ ಬಸ್ತ್ಯಾಂವನ ಉಪಾಯ. ಗೋವಾದ ದೊಡ್ಡ ಮನೆಯೊಂದರಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವನಿಗೆ ಯಜಮಾನ ತನ್ನ ನೆಲಮಾಳಿಗೆಯಿಂದ ಆ ನಾಲ್ಕು ಬಾಟಲಿ ತೆಗೆದುಕೊಟ್ಟಿದ್ದ. "ಕುಡಿಯೋರ ಮನ್ಯಾಗ ವೈನ ಹಳೇದು ಆಗೂದಿಲ್ಲೋ ಪೆದ್ರು, ಕುಡೀದವನ ಮನ್ಯಾಗ ಇಡು" ಎಂದಿದ್ದ ಮುದುಕ. ಸಾಯುವ ಮುಂಚೆ ತನ್ನ ಚಿಕ್ಕ ಹಿತ್ತಾಳೆ ತಂಬಿಗೆಯನ್ನು ಪೆದ್ರುವಿನ ಕೈಗಿಟ್ಟು ಮಾತು ತೆಗೆದುಕೊಂಡಿದ್ದ: "ಇಪ್ಪತ್ತೈದು ವರ್ಷ ಮುಟ್ಟಬ್ಯಾಡ. ತೆಗೆದ ದಿನ ದೋಸ್ತರು ಕುಡೀಲಿ. ಆದ್ರ ಈ ತಂಬಗಿ ತುಂಬಿ ನನ್ನ ಹೆಸರಿಲೆ ನೆಲಕ್ಕ ಹಾಕೂತನಕ ನಿನ್ನ ತುಟಿಗೆ ಒಂದ ಹನಿ ಹತ್ತಬಾರದು." ಹಿರಿಯರಿಗೆ ಮೊದಲ ಪಾಲು ಎಂಬುದು ಪೆದ್ರುವಿನ ಮನೆತನದಲ್ಲಿ ಯಾರೂ ಕೇಳಿ ಕಲಿಯುವ ವಿಷಯವಾಗಿರಲಿಲ್ಲ.

ಪೆದ್ರು ದಾಂಡೇಲಿಯಲ್ಲಿ ಆಟೋ ಓಡಿಸುತ್ತಿದ್ದ. ಕಾಳಿ ನದಿಯ ಸೇತುವೆ ದಾಟುವಾಗಲೆಲ್ಲ ಆ ರುಚಿ ಹೇಗಿರಬಹುದೆಂದು ಕನಸು ಕಾಣುತ್ತಿದ್ದ. ಒಂದು ಗುಟುಕು ಸಾಕಿತ್ತು ಅವನಿಗೆ.

ಆ ರವಿವಾರ ಬಂದೇ ಬಂತು. ಕೆಟ್ಟ ಗಾಳಿ ಹೋಗಲೆಂದು ಹಿಂದಿನ ದಿನವೇ ಹಗೇವಿನ ಬಾಯಿ ತೆರೆದಿದ್ದರು. ಬೆಳಿಗ್ಗೆ ಕಂದೀಲು ಇಳಿಬಿಟ್ಟರು, ಆರಲಿಲ್ಲ. ರೆಸಾರ್ಟಿನ ಅಡುಗೆಯವ ಪುಂಡಲೀಕ ಗಾಜಿನ ಲೋಟ, ಬಿರಡೆ ತೆಗೆಯುವ ತಿರುಪು ತಂದಿದ್ದ. ಕಾಗದದ ಗಿರಣಿಯಲ್ಲಿ ನಲವತ್ತು ವರ್ಷ ದುಡಿದು, ಅಲ್ಲಿಯ ನಾತಕ್ಕೆ ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಂಡ ಮುದಕಪ್ಪ ಬಂದು ಕೂತಿದ್ದ.

"ಯಾರ ಇಳೀತೀರಿ?" ಎಂದ ಶಿವಲಿಂಗಪ್ಪ.

"ಇಟ್ಟಾಂವ ನಾನು, ನಾನಽ ಇಳೀತೇನಿ," ಎಂದ ಪೆದ್ರು.

ಶಿವಲಿಂಗಪ್ಪನ ಹೆಂಡತಿ ಹೊಳೆವ್ವ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. "ಇಟ್ಟಾಗ ನೀ ಹಾವಿನಮರಿ ಹಂಗ ಇದ್ದಿ. ಈಗ ಭತ್ತದ ಚೀಲ ಆಗೀಯೋ ತಮ್ಮಾ."

ಪೆದ್ರು ತಂಬಿಗೆಯನ್ನು ಅಂಗಿಯೊಳಗೆ ನಡುವಿಗೆ ಬಿಗಿದು ಕಟ್ಟಿಕೊಂಡು, ಕಂಕುಳಿಗೆ ಹಗ್ಗ ಸುತ್ತಿ ಇಳಿದ. ಇಳಿಯುವಾಗ ಮೈತೂಕವೇ ನೆರವಾಯಿತು. ಸುಣ್ಣದ ಡಬ್ಬಿಯೊಳಗೆ ಬೆರಳು ತುರುಕಿದಂತೆ ಒಳಗೆ ಜಾರಿದ.

ಒಳಗೆ ತಂಪು. ಹಳೆಯ ಹುಲ್ಲಿನ ವಾಸನೆ. ತಲೆಯ ಮೇಲೆ ಹಗಲೇ ಮೂಡಿದ ಚಂದ್ರನಂತೆ ದುಂಡನೆಯ ಬೆಳಕು. ದೂಳಿನ ಚಾದರ ಹೊದ್ದು ನಾಲ್ವರೂ ಮಲಗಿದ್ದರು. ಪೆದ್ರು ಅರಿವಿಲ್ಲದೆ ಚಪ್ಪಲಿ ಕಳಚಿದ. ಆಮೇಲೆ ಬಾಟಲಿಗಳನ್ನು ಒಂದೊಂದಾಗಿ ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸತೊಡಗಿದ.

ಮೊದಲ ಬಾಟಲಿಯ ಬಿರಡೆ ಗೆದ್ದಲಿಗೆ ಸಂದು ಒಳಗೆ ಗಾಳಿ ಮಾತ್ರ ಉಳಿದಿತ್ತು. ಎರಡನೆಯದು ಹುಳಿಯೇರಿತ್ತು, "ಉಪ್ಪಿನಕಾಯಿಗೆ ಆಕ್ಕೈತಿ" ಎಂದು ಹೊಳೆವ್ವ ಎತ್ತಿಟ್ಟಳು. ಮೂರನೆಯದರ ಬಿರಡೆ ಮೆಲ್ಲಗೆ ನಿಟ್ಟುಸಿರು ಬಿಟ್ಟಿತು.

"ಒಮ್ಮೆಲೆ ನುಂಗಬ್ಯಾಡ್ರಿ. ಮೊದಲ ಬಣ್ಣಾ ನೋಡ್ರಿ, ಆಮ್ಯಾಲ ಮೂಸಿರಿ" ಎಂಬ ಪುಂಡಲೀಕನ ದನಿ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

"ಯಾಕ ಸುಮ್ಮನಾದ್ರಿ? ಹೆಂಗೈತಿ?" ಪೆದ್ರು ಕೆಳಗಿನಿಂದ ಕೂಗಿದ.

ಮುದಕಪ್ಪ ಹಗೇವಿನ ಬಾಯಿಗೆ ಬಗ್ಗಿದ. "ಪೆದ್ರು, ನನಗ ವಾಸನಿ ಬಂತೋ. ನೇರಳಿಹಣ್ಣು. ಮಳಿ ಬಿದ್ದ ಸಾಗವಾನಿ ಎಲಿ. ನಮ್ಮವ್ವನ ಟ್ರಂಕು ತೆಗದಂಗ ಆತು."

ಹೊಳೆವ್ವನ ಸೆರಗು ಮೂಗಿನಿಂದ ತಾನಾಗಿ ಜಾರಿತ್ತು. ಶಿವಲಿಂಗಪ್ಪ ಬರಿಯ ಬಿರಡೆಯನ್ನು ಮೂಸಿ ಕಟ್ಟೆಯ ಮೇಲೆ ಕುಸಿದು ಕೂತ.

"ನನ್ನ ಎಳೀರಿ," ಎಂದ ಪೆದ್ರು.

"ಮೊದಲ ನಾಕನೇದು ಕೊಡು. ಹಗ್ಗಕ್ಕ ಎರಡೂ ಕೈ ಬೇಕಲ್ಲ," ಎಂದ ಪುಂಡಲೀಕ.

ಕೊಟ್ಟ. ಎಳೆದರು. ತಲೆ ಬಂತು, ಹೆಗಲು ಬಂತು, ಅಲ್ಲಿಗೆ ನಿಂತ. ಅಂಗಳದ ನಡುವೆ ಪೆದ್ರುವಿನ ಅರ್ಧ ಮೈ ಗಣಪತಿಯನ್ನು ಕೂರಿಸಿದ ಹಾಗೆ ಕಾಣುತ್ತಿತ್ತು. ಮೂವರ ಬಲ ಸಾಲಲಿಲ್ಲ. ಎದುರುಮನೆಯ ಶಂಕ್ರಪ್ಪ ಓಡಿಬಂದ.

"ಏನ ತೆಗೀಲಿಕ್ಕತ್ತೀರಿ?"

"ಪೆದ್ರುನ್ನ."

"ಟ್ರ್ಯಾಕ್ಟರ್ ತರ್ಲೇನು?"

"ಬ್ಯಾಡ. ಎಳೀರಿ. ಎಳದವರಿಗೆ ಒಂದ ಗುಟುಕು," ಎಂದುಬಿಟ್ಟ ಪುಂಡಲೀಕ, ಒಳ್ಳೆಯ ಮನಸ್ಸಿನಿಂದ.

ಆ ಮಾತು ಓಣಿ ತುಂಬ ಹರಿಯಿತು. ಎಂಟು ಜನ ಬಂದರು. ಒಂದು ಜಗ್ಗು, ಒಂದು ಗುಟುಕು. ಗುಟುಕು ಇಳಿದವರು ಹಗ್ಗ ಬಿಟ್ಟು ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಮೂರನೆಯ ಬಾಟಲಿ ಮುಗಿದು ನಾಲ್ಕನೆಯದು ತೆರೆಯಿತು. ತನ್ನ ಕಣ್ಣೆದುರೇ, ಒಂದು ಮೊಳ ದೂರದಲ್ಲಿ, ಮಾಣಿಕ್ಯದ ಬಣ್ಣ ಇಳಿಯುತ್ತ ಹೋಗುವುದನ್ನು ಪೆದ್ರು ನೋಡಿದ.

"ನಿಧಾನ ಎಳೀರೋ, ಇಲ್ಲಾ ನಿಧಾನ ಕುಡೀರೋ," ಎಂದು ಬೇಡಿಕೊಂಡ.

ಹೊಳೆವ್ವ ಶೇಂಗಾ ಎಣ್ಣೆ ಸುರಿದಳು. ಪೆದ್ರು ಹೊಳೆದನೇ ಹೊರತು ಅಲುಗಲಿಲ್ಲ. ಆಕೆ ಬಗ್ಗಿ ಕೈಯಾಡಿಸಿದಳು. "ಅಯ್ಯ, ಹೊಟ್ಟಿ ಅಲ್ಲೋ, ನಡಾ ಹಿಡದೈತಿ. ಏನ ಕಟ್ಟೀದಿ ಅಲ್ಲೆ?"

ಪೆದ್ರುವಿನ ಮುಖ ಬಾಡಿತು. "ದೊಡ್ಡಪ್ಪನ ತಂಬಗಿ."

ಅವನನ್ನು ಮತ್ತೆ ಕೆಳಗಿಳಿಸಿದರು. ತಂಬಿಗೆ ಬಿಚ್ಚಿ ಮೇಲೆ ಕೊಟ್ಟ. ಮರುಕ್ಷಣ ಸುಲಿದ ಬಾಳೆಹಣ್ಣಿನ ಹಾಗೆ ಜಾರಿ ಅಂಗಳಕ್ಕೆ ಬಂದು ಬಿದ್ದ.

ಪುಂಡಲೀಕ ಬೆನ್ನ ಹಿಂದಿನಿಂದ ಬಾಟಲಿ ತೆಗೆದ. "ನಿನ್ನ ಪಾಲು ಕಾಯ್ದಿಟ್ಟೇನಿ. ಅರ್ಧಾ ಬಾಟ್ಲಿ ಐತಿ. ಕುಡಿ."

ಪೆದ್ರು ಅದನ್ನು ಬಿಸಿಲಿಗೆ ಹಿಡಿದ. ಒಳಗೊಂದು ಸಂಜೆ ಮುಳುಗುತ್ತಿದ್ದಂತಿತ್ತು. ಬಾಟಲಿಯ ಬಾಯಿ ತುಟಿಯ ಹತ್ತಿರ ಬಂತು. ಆಗ ಕಣ್ಣಿಗೆ ಬಿದ್ದವನು ಶಿವಲಿಂಗಪ್ಪ. ತಂಬಿಗೆಯನ್ನು ಹೆಗಲ ಟವೆಲ್ಲಿನಿಂದ ಒರೆಸುತ್ತ ನಿಂತಿದ್ದ.

ಪೆದ್ರು ತಂಬಿಗೆ ಇಸಿದುಕೊಂಡು ಸುರಿದ. ವೈನು ಕಂಠದವರೆಗೆ ಬಂತು, ಅಂಚಿಗೆ ಬಂತು, ನಡುಗುತ್ತ ನಿಂತಿತು. ಬಾಟಲಿ ಬೋರಲು ಹಾಕಿದ. ಒಂದು ಹನಿಯೂ ಉಳಿದಿರಲಿಲ್ಲ.

"ಅರ್ಧಾ ಹಾಕು, ಅರ್ಧಾ ಕುಡಿ. ಸತ್ತವರು ಅಳೀತಾರೇನು?" ಎಂದ ಶಂಕ್ರಪ್ಪ.

"ತುಂಬಿ ಅಂದಾನ," ಎಂದ ಪೆದ್ರು.

ಹಗೇವಿನ ಬದಿಯ ಮಣ್ಣಿಗೆ ತಂಬಿಗೆಯನ್ನು ಬಗ್ಗಿಸಿದ. ಇಪ್ಪತ್ತೈದು ವರ್ಷ ಕಾದದ್ದನ್ನು ನೆಲ ಒಂದೇ ಗುಟುಕಿಗೆ ಕುಡಿಯಿತು. ಅಂಗಳದ ತುಂಬ ಪರಿಮಳ ಎದ್ದಿತು.

ಪೆದ್ರು ಮೊಣಕಾಲೂರಿ, ಎಣ್ಣೆ ಸುರಿಯುತ್ತಿದ್ದ ಮುಖವನ್ನು ನೆಲದ ಹತ್ತಿರ ತಂದ.

"ದೊಡ್ಡಪ್ಪಾ, ನೀನರೆ ಹೇಳು, ಹೆಂಗೈತಿ?"