ಮೊಣಕೈ ಎತ್ತರದ ಮೇಜು

ನಾಟಕ ತಂಡದ ಪರದೆ ಎಳೆಯುವವನು ಮೇಜು ಹತ್ತಿದ್ದು ಬಲ್ಬು ಬಿಗಿಮಾಡಲು. ಬಲ್ಬು ಬಿಗಿಯಾಯಿತು, ಮೇಜು ಮುರಿಯಿತು. ಸಂಜೆಗೆ ನಾಟಕ.

ವರ್ಷಗಟ್ಟಲೆ ಪರದೆ ಎಳೆದ ಮೇಲೆ ಅವನಿಗೆ ಇವತ್ತು ಮೊದಲ ಸಲ ಒಂದು ಮಾತು ಸಿಕ್ಕಿತ್ತು: "ಅಮ್ಮಾ, ಗಾಡಿ ಬಂತು." ಅದನ್ನು ಕೇಳಲು ಹೆಂಡತಿ ಇಡೀ ಬೀದಿಯನ್ನೇ ಕರೆದಿದ್ದಳು.

ನಿರ್ದೇಶಕರು ತಲೆಯ ಮೇಲೆ ಕೈಹೊತ್ತು ಕೂತರು. "ಅದು ಬರೀ ಮೇಜಲ್ಲ ಕಣಯ್ಯಾ! ನಾಯಕಿ ಕಾಗದ ಬರೆಯುವಾಗ ಮೊಣಕೈ ಎಲ್ಲಿ ಊರಬೇಕು, ಭುಜ ಎಷ್ಟು ಕುಸಿಯಬೇಕು ಅಂತ ಅಳೆದು ಮಾಡಿಸಿದ್ದು. ಕೊನೇ ಸಾಲಿನವರಿಗೆ ದುಃಖ ಕಾಣೋದೇ ಆ ಭುಜದಲ್ಲಿ!"

ಎದುರಿನ ಹೋಟೆಲಿನ ಮೇಜು ಬಂತು. ಅದರ ಹಿಂದೆ ನಾಯಕಿಯ ತಲೆ ಮಾತ್ರ ಉಳಿಯಿತು, ತಟ್ಟೆಯಲ್ಲಿಟ್ಟ ಹಣ್ಣಿನ ಹಾಗೆ. ದರ್ಜಿಯ ಮೇಜು ಬಂತು. "ಇಲ್ಲಿ ಕೂತ್ರೆ ಗುಂಡಿ ಹೊಲಿಯೋಳ ಥರ ಕಾಣ್ತೀನಿ" ಎಂದು ಅವಳು ಎದ್ದೇಬಿಟ್ಟಳು.

ಪರದೆಯವನು ಮುರಿದ ಚೂರುಗಳನ್ನು ಹೆಕ್ಕಲು ಅಂಬೆಗಾಲಿಟ್ಟ.

"ಹಾಗೇ ಇರು! ಅಲ್ಲಾಡಬೇಡ!" ನಿರ್ದೇಶಕರು ಟೇಪು ಹಿಡಿದು ಓಡಿಬಂದು ಬೆನ್ನಿನ ಎತ್ತರ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಸರ್, ನನ್ನ ಮಾತು?"

"ಮೇಜು ಮಾತಾಡಿದ್ದನ್ನ ಎಲ್ಲಾದ್ರೂ ಕೇಳಿದ್ದೀಯಾ? ಅದನ್ನ ಲೈಟಿನವನು ಹೇಳ್ತಾನೆ, ಪರದೆನೂ ಅವನೇ ಎಳೀತಾನೆ. ನೀನು ನಾಟಕ ಕೆಡಿಸದೇ ಇದ್ರೆ ಮುಂದಿನ ಸಲ ದೊಡ್ಡ ಪಾತ್ರ. ಕೆಡಿಸಿದ್ಯೋ, ಪರದೆ ಹಗ್ಗಾನೂ ಸಿಗಲ್ಲ!"

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ನೆಲ ಮುಟ್ಟುವ ಬಟ್ಟೆಯೊಳಗಿದ್ದ ಮೇಜಿಗೆ ಮುಂದಿನ ಸಾಲಿನ ಪಿಸುಮಾತು ಕೇಳಿಸಿತು.

"ನಿಮ್ಮೆಜಮಾನ್ರು ಯಾವಾಗ ಬರ್ತಾರ್ರೀ?" ಪಕ್ಕದ ಮನೆಯಾಕೆಯ ದನಿ.

"ಬರ್ತಾರೆ, ತಡೀರಿ," ಹೆಂಡತಿಯ ದನಿ.

ಮೇಜು ಬಟ್ಟೆಯೊಳಗೇ ತಲೆ ತಗ್ಗಿಸಿತು.

ನಾಯಕಿ ಕಾಗದ ಹರವಿ ಬರೆಯತೊಡಗಿದಳು. ತನಗೆ ಕಚಗುಳಿ ಜಾಸ್ತಿ ಎಂಬುದು ಪರದೆಯವನಿಗೆ ನೆನಪಾದದ್ದೇ ಆಗ. ಪೆನ್ನು ಬೆನ್ನಿನ ಮೇಲೆ ಇರುವೆಸಾಲಿನಂತೆ ಹರಿಯಿತು. ನಗು ಕುದಿಯುವ ಪಾತ್ರೆಯ ಮುಚ್ಚಳದಂತೆ ಕುಣಿಯಿತು. ಅವನು ಬಟ್ಟೆ ಕಚ್ಚಿ ಹಿಡಿದ. ಮೇಜು ಗಡಗಡ ನಡುಗಿತು.

"ಅಯ್ಯೋ, ಅವಳ ಸಂಕಟಕ್ಕೆ ಮೇಜೂ ನಡುಗ್ತಿದೆ ನೋಡ್ರೀ!" ಪಕ್ಕದ ಮನೆಯಾಕೆ ಬಿಕ್ಕಿದಳು.

ಪೆನ್ನು ನಿಂತಿತು. ಬಹಳ ಹೊತ್ತು ನಿಂತಿತು. ನಾಯಕಿಗೆ ಮುಂದಿನ ಮಾತು ಮರೆತುಹೋಗಿತ್ತು. ಆಮೇಲೆ ಬೆನ್ನಿನ ಮೇಲೆ ಒಂದೊಂದೇ ದಪ್ಪ ಅಕ್ಷರ ಮೂಡಿತು: ಮುಂ... ದೇ... ನು?

ಪ್ರತಿ ತಾಲೀಮಿನಲ್ಲೂ ಹಗ್ಗ ಹಿಡಿದು ನಿಂತವನಿಗೆ ಇಡೀ ನಾಟಕ ಬಾಯಿಪಾಠ. ಮೇಜು ಪಿಸುಗುಟ್ಟಿತು: "ಈ ಮನೆಗೆ ನಾನೇ ಬೀಗ ಹಾಕುತ್ತೇನೆ!"

ನಾಯಕಿ ಎದ್ದು ನಿಂತು ಆ ಮಾತನ್ನು ಗುಡುಗಿದಳು. ಸಭಾಂಗಣವೇ ಎದ್ದು ನಿಂತಿತು. ಚಪ್ಪಾಳೆಗೆ ಚಾವಣಿಯ ಧೂಳು ಉದುರಿತು.

ಪರದೆ ಬಿದ್ದಮೇಲೆ ಹೆಂಡತಿ ಬೀದಿಯವರನ್ನೆಲ್ಲ ಕಟ್ಟಿಕೊಂಡು ಒಳಗೆ ನುಗ್ಗಿದಳು. "ಎಲ್ರೀ ಹೋಗಿದ್ರಿ? ನನ್ನ ಮಾನ ಹೋಯ್ತು!"

"ಎಲ್ಲಿಗೂ ಹೋಗಿಲ್ಲಮ್ಮ, ಆ ಮೇಜು ಇವನೇ! ನಾಟಕ ಉಳಿಸಿದ್ದೂ ಇವನೇ!" ನಿರ್ದೇಶಕರು ಅವನನ್ನು ತಬ್ಬಿಕೊಂಡರು. "ಮುಂದಿನ ನಾಟಕದಲ್ಲಿ ಇವನದೇ ಮುಖ್ಯ ಪಾತ್ರ. ನಾಟಕಕ್ಕೂ ಆ ಪಾತ್ರದ್ದೇ ಹೆಸರು!"

ಬೀದಿ ಹೋ ಎಂದಿತು. ಅವನ ಎದೆ ಉಬ್ಬಿತು. ಬೆನ್ನು ಮಾತ್ರ ಇನ್ನೂ ನೆಟ್ಟಗಾಗಿರಲಿಲ್ಲ.

"ಏನ್ ಸರ್ ಹೆಸರು?"

"ಹಳೇ ಕಪಾಟು. ಈ ಸಲ ನಿಂತ್ಕೊಂಡೇ ಇರ್ಬಹುದು ಕಣಯ್ಯಾ!"

ಅವನು ಸೊಂಟ ಹಿಡಿದುಕೊಂಡೇ ಕೇಳಿದ. "ಮಾತು...?"

"ಇದೆಯಲ್ಲ! ಬಾಗಿಲು ತೆಗೆದಾಗಲೆಲ್ಲ 'ಕಿರ್ರ್' ಅನ್ನಬೇಕು."

ಹೆಂಡತಿ ಸೆರಗು ಸರಿಮಾಡಿಕೊಂಡು ಬೀದಿಯ ಕಡೆ ತಿರುಗಿದಳು.

"ಕೇಳಿದ್ರಾ? ತೆಗೆದಾಗಲೆಲ್ಲ ಅಂತೆ!"