ಕೋವಿ ನರ್ಸಮ್ಮ

ನಮ್ಮ ಅತ್ತೆಗೆ ಸರ್ಕಾರ ಯಾವ ತರಬೇತಿಯನ್ನೂ ಕೊಡಬಾರದು! ಇದು ನನ್ನೊಬ್ಬಳ ಅಭಿಪ್ರಾಯವಲ್ಲ, ನಮ್ಮ ಇಡೀ ವಂಶ ಕೂತು ಮಾಡಿದ ಒಮ್ಮತದ ತೀರ್ಮಾನ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕುಂದಾಣದ ಸುತ್ತಮುತ್ತಲ ಹಳ್ಳಿಗಳಲ್ಲಿ ಮೂವತ್ತು ವರ್ಷದಿಂದ ಮನೆಮನೆ ತಿರುಗಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ, ಬಸುರಿಯರನ್ನು ಗದರಿಸುವ, ಮುದುಕರ ಬಿಪಿ ನೋಡುವ ನರ್ಸಮ್ಮ. ಉಳಿದವರು ತರಬೇತಿಗೆ ಹೋದರೆ ಊಟ ಮಾಡಿ, ಕೊಟ್ಟ ಪೆನ್ನನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ನಮ್ಮತ್ತೆ ಅಲ್ಲಿ ಹೇಳಿದ್ದನ್ನೆಲ್ಲ ನಂಬಿಕೊಂಡು ಬಂದುಬಿಡುತ್ತಾರೆ! ಬಂದ ಮೇಲೆ ಪ್ರಯೋಗ ಮಾಡಲು ನಾವಲ್ಲದೆ ಇನ್ಯಾರಿದ್ದಾರೆ?

ಕೈ ತೊಳೆಯುವ ತರಬೇತಿ ಆದ ವಾರವೇ ನಮ್ಮ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಬಂತು. ಗಂಡಿನ ಕಡೆಯವರು ಊಟಕ್ಕೆ ಎದ್ದರು. ಅತ್ತೆ ನಲ್ಲಿಯ ಪಕ್ಕ ಕಾವಲು ನಿಂತು, "ಅಂಗೈ, ಬೆರಳ ಸಂದಿ, ಉಗುರು" ಎಂದು ಒಬ್ಬೊಬ್ಬರಿಂದಲೂ ಎಲ್ಲ ಹಂತ ಮಾಡಿಸಿದರು. ವರನ ತಂದೆ ಹೆಬ್ಬೆರಳು ಮರೆತರು. ಮತ್ತೆ ಮೊದಲಿನಿಂದ! ಅವರು ಎಲೆಯ ಮುಂದೆ ಕೂರುವ ಹೊತ್ತಿಗೆ ಹಪ್ಪಳ ಮೆತ್ತಗಾಗಿತ್ತು, ಬೀಗತನವೂ ಸ್ವಲ್ಪ ಮೆತ್ತಗಾಗಿತ್ತು.

ಹಾವು ಕಡಿತದ ತರಬೇತಿಯಾದಾಗ ಸಿಕ್ಕಿಬಿದ್ದವರು ನಮ್ಮಪ್ಪ. ಹಿತ್ತಲಲ್ಲಿ ಕಾಲಿಗೆ ಏನೋ ಚುಚ್ಚಿತು ಎಂದರು, ಅಷ್ಟೆ. ಅತ್ತೆ ಅವರನ್ನು ಮಂಚದ ಮೇಲೆ ಮಲಗಿಸಿ, ಕಾಲಿಗೆ ಮರದ ಪಟ್ಟಿ ಕಟ್ಟಿ, "ಅಲುಗಾಡಿದ್ರೆ ವಿಷ ಏರುತ್ತೆ ಕಣೋ" ಎಂದು ಗದರಿಸಿ, ಮಂಚದ ಸಮೇತ ಆಸ್ಪತ್ರೆಗೆ ಹೊರಿಸಿದರು. ಡಾಕ್ಟರು ಪರೀಕ್ಷೆ ಮಾಡಿ ಚಿಮಟದಿಂದ ಜಾಲಿ ಮುಳ್ಳನ್ನು ತೆಗೆದು ಅಪ್ಪನ ಕೈಗೆ ಕೊಟ್ಟರು.

ಇಂಥ ಅತ್ತೆಗೆ ಕಳೆದ ವರ್ಷ ಒಂದು ಸುತ್ತೋಲೆ ಬಂತು: "ಬಂದೂಕು ಗಾಯಗಳ ತಡೆಗಟ್ಟುವಿಕೆ ಕುರಿತು ಆರೋಗ್ಯ ಸಿಬ್ಬಂದಿ ಹಾಗೂ ತುರ್ತು ಸೇವೆಯವರಿಗೆ ಒಂದು ದಿನದ ತರಬೇತಿ."

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು, ಹಾಗಾಗಿ ನನಗೂ ಅದೇ ಸುತ್ತೋಲೆ. ಎರಡು ಸಲ ಓದಿದೆ, ಅರ್ಥವಾಗಲಿಲ್ಲ. ಪೋಲಿಯೋ ಹನಿ ಹಾಕುವವರಿಗೂ ಬಂದೂಕಿಗೂ ಏನು ಸಂಬಂಧ? ನಮ್ಮೂರಲ್ಲಿ ಯಾರು ಯಾರಿಗೆ ಗುಂಡು ಹೊಡೆಯುತ್ತಿದ್ದಾರೆ? ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಇದೇನು ಅಂತ ನಿಮಗೇನಾದ್ರೂ ಗೊತ್ತಾ?"

"ನಂಗೂ ಗೊತ್ತಿಲ್ಲ ಕಣೆ. ಶಬ್ದ ಜೋರಾಗಿರುತ್ತೆ, ಕಿವಿಗೆ ಹತ್ತಿ ತರ್ತೀನಿ. ನಿಂಗೂ ತರ್ಲಾ?"

ತರಬೇತಿಯ ದಿನ ಸಭಾಂಗಣದಲ್ಲಿ ಎಲ್ಲರ ಮುಖದಲ್ಲೂ ಅದೇ ಗೊಂದಲ. ನರ್ಸುಗಳು, ಆಶಾ ಕಾರ್ಯಕರ್ತೆಯರು, ಅಗ್ನಿಶಾಮಕದವರು, ಆಂಬುಲೆನ್ಸ್ ಚಾಲಕರು. ಅವರಲ್ಲೊಬ್ಬ ಚಾಲಕ, ಮಾಕಳಿದುರ್ಗ ಹತ್ತಿ ಕಾಲು ಉಳುಕಿಸಿಕೊಂಡ ಚಾರಣಿಗರನ್ನು ಹೊತ್ತು ತರುವವನು, ಕಪ್ಪು ಕನ್ನಡಕ ಹಾಕಿಕೊಂಡೇ ಬಂದಿದ್ದ. ಬೆಂಗಳೂರಿನಿಂದ ಬಂದ ಡಾಕ್ಟರಮ್ಮ ನಮಸ್ಕಾರ ಹೇಳುವ ಮೊದಲೇ ಎದ್ದು ನಿಂತು ಕೇಳಿದ: "ಮೇಡಂ, ಗನ್ನು ಊಟಕ್ಕೆ ಮುಂಚೆ ಕೊಡ್ತೀರಾ, ಊಟ ಆದ್ಮೇಲಾ?"

ಡಾಕ್ಟರಮ್ಮ ನಕ್ಕು, ಇಲ್ಲಿ ಯಾರಿಗೂ ಗನ್ನು ಕೊಡುವುದಿಲ್ಲ ಎಂದರು. ಅರ್ಧ ಸಭೆ ನಿಟ್ಟುಸಿರು ಬಿಟ್ಟಿತು, ಇನ್ನರ್ಧ ಸಪ್ಪಗಾಯಿತು. ನಮ್ಮತ್ತೆ ಕಿವಿಯಿಂದ ಹತ್ತಿ ತೆಗೆದರು.

ವಿಷಯ ಸರಳವಾಗಿತ್ತು. ಹಂದಿ, ನವಿಲುಗಳಿಂದ ಬೆಳೆ ಕಾಯಲೆಂದು ಎಷ್ಟೋ ಮನೆಗಳಲ್ಲಿ ಪರವಾನಗಿಯ ಕೋವಿ ಇದೆ. ನೀವು ಹೇಗೂ ಮನೆಮನೆಗೆ ಹೋಗುತ್ತೀರಿ. ಬಿಪಿ, ಶುಗರ್ ಕೇಳುವಷ್ಟೇ ಸಹಜವಾಗಿ ಕೋವಿ ಇದೆಯಾ ಎಂದೂ ಕೇಳಿ. ಅದನ್ನು ಖಾಲಿ ಮಾಡಿ ಬೀಗ ಹಾಕಿಡಲಿ, ಗುಂಡನ್ನು ಬೇರೆ ಕಡೆ ಇಡಲಿ. ಖಾಲಿಯಿದೆ ಎಂದು ಅವರು ಹೇಳಿದರೂ ತುಂಬಿದೆ ಎಂದೇ ತಿಳಿಯಿರಿ, ನೀವು ಮುಟ್ಟಬೇಡಿ.

ಆಮೇಲೆ ಅಭಿನಯ. ಅತ್ತೆ ನರ್ಸು, ಕಪ್ಪು ಕನ್ನಡಕದ ಚಾಲಕ ರೈತ.

"ಯಜಮಾನ್ರೇ, ನಿಮ್ಮನೇಲಿ ಗುಂಡು ಇದ್ಯಾ?"

"ಭಾನುವಾರ ಮಾತ್ರ ಸಿಸ್ಟರ್."

"ಬೀಗ ಹಾಕಿ ಇಡ್ತೀರಾ?"

"ನಾನ್ಯಾಕೆ ಹಾಕ್ಲಿ? ನಮ್ಮನೆಯವಳು ಹಾಕ್ತಾಳೆ!"

"ಇಟ್ಟಿರೋ ಜಾಗ ಮಕ್ಕಳಿಗೆ ಗೊತ್ತಾ?"

"ಮಿಕ್ಸ್ಚರ್ ಜೊತೆಗೆ ಅವೇ ತಂದ್ಕೊಡೋದು!"

ಸಭೆ ಬಿದ್ದು ಬಿದ್ದು ನಕ್ಕಿತು. ಡಾಕ್ಟರಮ್ಮ ಗಾಬರಿಯಿಂದ, "ಗುಂಡನ್ನ ಮಕ್ಕಳ ಕೈಗೆ ಕೊಡ್ತಾರಾ?" ಎಂದು ಬರೆದುಕೊಳ್ಳತೊಡಗಿದರು. ಕುಡಿಯುವ ಗುಂಡು ಬೇರೆ, ಹಾರುವ ಗುಂಡು ಬೇರೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಟೀ ಬಂತು.

ಟೀ ಆದ ಮೇಲೆ ರಕ್ತ ನಿಲ್ಲಿಸುವ ಪಾಠ. ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕೈಕಾಲಿನ ಗಾಯದಲ್ಲಿ ಅದಕ್ಕೂ ನಿಲ್ಲದಿದ್ದರೆ ಗಾಯದ ಮೇಲ್ಗಡೆ ಬಿಗಿಯಾಗಿ ಪಟ್ಟಿ ಬಿಗಿದು, ಬಿಗಿದ ಸಮಯವನ್ನು ಎದ್ದು ಕಾಣುವ ಹಾಗೆ ಬರೆಯಬೇಕು. ಅತ್ತೆ ಅದೇ ಚಾಲಕನ ತೊಡೆಗೆ ಪಟ್ಟಿ ಬಿಗಿದರು, ಎದ್ದು ಕಾಣುವ ಜಾಗ ಹುಡುಕಿದರು, ದಪ್ಪ ಮಾರ್ಕರ್‌ನಿಂದ ಅವನ ಹಣೆಯ ಮೇಲೆ "11.20" ಎಂದು ಬರೆದರು. ಪಟ್ಟಿಯನ್ನು ಆಗಲೇ ಬಿಚ್ಚಿದರು. ಮಾರ್ಕರ್ ಮಾತ್ರ ಅಳಿಸುವ ಜಾತಿಯದಲ್ಲ. ಮೂರು ದಿನ ಆ ಮನುಷ್ಯ ಎಲ್ಲಿ ಹೋದರೂ ಹನ್ನೊಂದು ಇಪ್ಪತ್ತೇ ಆಗಿತ್ತು!

ಕೊನೆಯ ಅರ್ಧ ಗಂಟೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಡಾಕ್ಟರಮ್ಮ ಹೇಳಿದರು: "ಕೋವಿ ಗಾಯ ಅಂದರೆ ಜಗಳ, ಡಕಾಯಿತಿ ಅಂದುಕೊಳ್ಳಬೇಡಿ. ಮನಸ್ಸು ಕುಗ್ಗಿದವರು ತಮ್ಮ ಮೇಲೇ ಹೊಡೆದುಕೊಳ್ಳುತ್ತಾರೆ. ಅಂಥವರನ್ನು ಕಂಡರೆ, ಬದುಕು ಬೇಡ ಅನ್ನಿಸುತ್ತಾ ಅಂತ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಮನಸ್ಸು ತಿಳಿಯಾಗುವವರೆಗೆ ಕೋವಿಯನ್ನು ಮನೆಯಿಂದ ಆಚೆ ಇಡಿಸಿ." ಪುಟಗಟ್ಟಲೆ ಬರೆಯುತ್ತಿದ್ದ ಅತ್ತೆ ಇದನ್ನು ಬರೆದುಕೊಳ್ಳಲಿಲ್ಲ.

ಮಾರನೆಯ ದಿನದಿಂದಲೇ ಅತ್ತೆಯ ಕೋವಿ ಸಮೀಕ್ಷೆ ಶುರುವಾಯಿತು. ಗುಂಡು ಎಂದರೆ ಅಪಾರ್ಥವಾಗುತ್ತದೆಂದು ಅತ್ತೆ ಇಂಗ್ಲಿಷಿಗೆ ಇಳಿದರು. ಮೊದಲ ಮನೆಯ ಅಜ್ಜಿಗೆ ಕಿವಿ ಮಂದ.

"ಅಜ್ಜೀ, ಮನೇಲಿ ಗನ್ ಇದ್ಯಾ?"

"ಗಂಡನಾ? ಅವ್ನು ಹೋಗಿ ಹನ್ನೊಂದು ವರ್ಸ ಆಯ್ತಲ್ಲವ್ವ. ತಿಥಿಗೆ ನೀನೇ ಬಂದು ಉಂಡೋಗಿದ್ದೆ!"

ಅಲ್ಲಿಂದ ಮುಂದೆ ಕೋವಿ ಎಂದೇ ಕೇಳಿದರು. ಪುಣ್ಯಕ್ಕೆ ಆ ಪದಕ್ಕೆ ಎರಡನೇ ಅರ್ಥವಿರಲಿಲ್ಲ. ಆದರೆ ಅದರೊಳಗೆ ಹಾಕುವ ತೋಟಾದ ಕಥೆ ಬೇರೆ. ಊರಾಚೆಯ ಒಂದು ಮನೆಯಲ್ಲಿ ರಾಗಿ ಮೂಟೆಗಳ ಹಿಂದೆ ಕೋವಿ ಒರಗಿಸಿಟ್ಟಿದ್ದರು.

"ತೋಟಾ ಎಲ್ಲಿಟ್ಟಿದ್ದೀರಾ ಗೌಡ್ರೆ?" ಎಂದು ಅತ್ತೆ ಕೇಳಿದರು.

"ತೋಟ ಎತ್ತಿಡೋಕಾಯ್ತದಾ? ಕೆರೆ ಹಿಂದ್ಗಡೆ ಐತೆ."

"ಅಯ್ಯೋ, ಕೋವಿಗೆ ಹಾಕೋ ತೋಟಾ!"

"ಓ, ಅದಾ? ಡಬ್ಬೀಲೈತೆ. ಕೋವಿ ಖಾಲಿ ಐತೆ ಬುಡವ್ವ."

ಅತ್ತೆ ಬಿಡುತ್ತಾರೆಯೇ? ಜಗಲಿಯ ಮೇಲೆ ಕೂತೇಬಿಟ್ಟರು. "ಹೊಲಕ್ಕೆ ತಗೊಂಡೋಗಿ, ಅದರ ಬಾಯಿ ಆಚೆ ಮಾಡಿ, ಬಿಚ್ಚಿ ತೋರ್ಸಿ. ಅಲ್ಲೀವರೆಗೂ ನಾನು ಎದ್ದೇಳಲ್ಲ." ಗೌಡರು ಗೊಣಗುತ್ತಾ ಹೋದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದರು, ಒಂದು ಕೈಯಲ್ಲಿ ಬಿಚ್ಚಿದ ಕೋವಿ, ಇನ್ನೊಂದು ಕೈಯಲ್ಲಿ ಅದರಿಂದ ಹೊರಬಿದ್ದ ಒಂದು ತೋಟಾ. ಅದೇ ಮೂಟೆಗಳ ಸಂದಿಯಲ್ಲಿ ಅವರ ಮೊಮ್ಮಗಳು ಬೆಕ್ಕಿನ ಮರಿ ಹುಡುಕುತ್ತಿದ್ದಳು. ಅವತ್ತೇ ಸಂಜೆಯೊಳಗೆ ದೇವನಹಳ್ಳಿಯಿಂದ ಬೀಗ ಬಂತು. ಅತ್ತೆಗೆ "ಕೋವಿ ನರ್ಸಮ್ಮ" ಎಂಬ ಹೆಸರೂ ಬಂತು.

ಇಷ್ಟೆಲ್ಲ ಮಾಡುತ್ತಿದ್ದ ಅತ್ತೆ ಒಂದು ಮನೆಯನ್ನು ಮಾತ್ರ ಕೇಳಿರಲಿಲ್ಲ. ಅದು ಅವರದೇ ಮನೆ!

ಬೂದಿಗೆರೆಯ ಹತ್ತಿರ ಇರುವ ಆ ಮನೆಯಲ್ಲಿ ಮಾವನ ಕೋವಿಯಿತ್ತು. ಮಾವ ದ್ರಾಕ್ಷಿ ಬೆಳೆಯುತ್ತಿದ್ದವರು. ಬಾವಲಿ, ಗಿಳಿ ಹೆದರಿಸಲೆಂದು ಅವರಪ್ಪನ ಕಾಲದಿಂದ ಬಂದ ಕೋವಿ. ಎರಡು ವರ್ಷದ ಹಿಂದೆ ಅಣ್ಣತಮ್ಮಂದಿರೆಲ್ಲ ಒಪ್ಪಿ ತೋಟವನ್ನು ಬಡಾವಣೆಯವರಿಗೆ ಕೊಟ್ಟರು. ಬಳ್ಳಿ ಕಿತ್ತ ದಿನದಿಂದ ಮಾವನ ಮಾತು ಕಡಿಮೆಯಾಯಿತು. ಆದರೂ ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ತೋಟದ ಕಡೆಗೇ ಹೋಗುತ್ತಿದ್ದರು. ಗೇಟಿನ ಕಾವಲಿನವನು, "ಯಾವ ಸೈಟ್ ನೋಡ್ಬೇಕು ಸಾರ್?" ಎಂದು ಕೇಳುತ್ತಿದ್ದ. ಮಾವ ಅಲ್ಲಿಂದಲೇ ವಾಪಸು ಬರುತ್ತಿದ್ದರು. ನಾವೆಲ್ಲ ವಯಸ್ಸಾಯಿತು ಎಂದುಕೊಂಡೆವು. ನಾನೂ ನರ್ಸು, ನಾನೂ ಹಾಗೇ ಅಂದುಕೊಂಡೆ.

ಒಂದು ದಿನ ಕೇಳಿಯೇಬಿಟ್ಟೆ. "ಅತ್ತೆ, ನಿಮ್ಮನೆ ಕೋವಿ ವಿಷ್ಯ ಬರ್ಕೊಂಡ್ರಾ?"

"ನಮ್ಮನೆ ನನ್ನ ಏರಿಯಾಕ್ಕೆ ಬರಲ್ಲ ಕಣೆ. ಬೇರೆ ಉಪಕೇಂದ್ರ ಅದು. ಅಲ್ಲಿನ ನರ್ಸು ಬಂದು ಕೇಳ್ತಾಳೆ" ಎಂದು ಫೋನಿಟ್ಟರು.

ನನಗೆ ತಲೆಬುಡ ತಿಳಿಯಲಿಲ್ಲ. ಬೀಗರ ಕೈ ತೊಳೆಸುವಾಗ ಇವರಿಗೆ ಯಾವ ಏರಿಯಾ ಅಡ್ಡ ಬಂದಿತ್ತು?

ಅದಾಗಿ ಎರಡು ವಾರಕ್ಕೆ, ಒಂದು ಮಧ್ಯಾಹ್ನ ಅತ್ತೆಯ ಫೋನು: "ಸ್ಟೇಷನ್ ಹತ್ರ ಬಾ." ರೈಲ್ವೆ ಸ್ಟೇಷನ್ನೋ ಪೊಲೀಸ್ ಸ್ಟೇಷನ್ನೋ ಹೇಳಲಿಲ್ಲ. ಮೊದಲು ರೈಲಿನ ಕಡೆ ಓಡಿ, ಅಲ್ಲಿಲ್ಲವೆಂದು ಪೊಲೀಸ್ ಠಾಣೆಗೆ ಹೋದೆ. ಬೆಂಚಿನ ಮೇಲೆ ಅತ್ತೆ, ಮಾವ ಕೂತಿದ್ದರು. ಮಾವನ ಕಾಲ ಮೇಲೆ ಚೀಲದೊಳಗೆ ಕೋವಿ, ಕೈಯಲ್ಲಿ ಪರವಾನಗಿ ಪುಸ್ತಕ. ಎದುರಿಗೆ ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಳ್ಳುತ್ತಿದ್ದರು.

"ಅಲ್ಲಮ್ಮಾ, ಎಲೆಕ್ಷನ್ ಬಂದಾಗ ಕೋವಿ ತಂದು ಇಡೋದು ಸರಿ. ಈಗ ಯಾವ ಎಲೆಕ್ಷನ್ನು?"

"ಎಲೆಕ್ಷನ್ ಇಲ್ದಿದ್ರೆ ಇಟ್ಕೋಬಾರ್ದು ಅಂತ ಕಾನೂನೈತಾ?" ಅತ್ತೆ ಕೇಳಿದರು.

"ಹಂಗಲ್ಲಮ್ಮ. ಯಾರಾದ್ರೂ ಕಂಪ್ಲೇಂಟ್ ಕೊಟ್ಟವ್ರಾ?"

"ಇಲ್ಲ."

"ಅಣ್ಣತಮ್ಮಂದಿರ ಗಲಾಟೆನಾ?"

"ಇಲ್ಲ."

"ಮತ್ತೆ ಕಾರಣ ಅಂತ ಏನ್ ಬರ್ಕೊಳ್ಳಿ?"

ಮೂವತ್ತು ವರ್ಷದಿಂದ ಎಂಥೆಂಥ ಫಾರಂ ತುಂಬಿದ ಅತ್ತೆ ಮಾವನ ಕಡೆ ತಿರುಗಿದರು. ಆಗ ಮಾವ ಮಾತಾಡಿದರು.

"ನಂಗೆ ಮನ್ಸು ಸರಿಯಿಲ್ಲಪ್ಪ. ಇದು ಮನೇಲಿರೋದು ಬೇಡ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟರು. ಮಾವನನ್ನು ನೋಡಿ, "ಒಳ್ಳೇ ಕೆಲ್ಸ ಮಾಡಿದ್ರಿ ಯಜಮಾನ್ರೇ" ಎಂದರು. ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದು, ಕಾರಣದ ಜಾಗದಲ್ಲಿ "ಸ್ವಇಚ್ಛೆಯಿಂದ" ಎಂದು ಬರೆದು, ರಸೀದಿ ಹರಿದುಕೊಟ್ಟರು. ಮೂವರಿಗೂ ಟೀ ತರಿಸಿದರು.

ಹೊರಗೆ ಬಂದಾಗ ಅತ್ತೆ ಆಟೋದವನ ಜೊತೆ ಚೌಕಾಸಿಗೆ ಹೋದರು. ನಾನು ಮಾವನ ಪಕ್ಕ ನಿಂತೆ. ಕೇಳಲು ನನಗೆ ಧೈರ್ಯವಿರಲಿಲ್ಲ. ಅವರೇ ಶುರುಮಾಡಿದರು.

"ನಿನ್ನೆ ಬೆಳಿಗ್ಗೆ ಡ್ಯೂಟಿ ಸೀರೆ ಉಟ್ಕೊಂಡು, ಬ್ಯಾಗ್ ತಗಲಾಕ್ಕೊಂಡು ಹೊರಟ್ಲು ಕಣಮ್ಮ. ಹೋದ್ಲು ಅನ್ಕೊಂಡೆ. ಎರಡು ನಿಮಿಷಕ್ಕೆ ಯಾರೋ ಬಾಗಿಲು ಬಡಿದ್ರು. ತೆಗೆದ್ರೆ ಇವಳೇ ನಿಂತವಳೆ! 'ನಮಸ್ಕಾರ, ಆರೋಗ್ಯ ಇಲಾಖೆಯಿಂದ ಬಂದಿದ್ದೀನಿ. ಮನೆ ಯಜಮಾನ್ರು ನೀವೇನಾ?' ಅಂತಾಳೆ."

ನನಗೆ ನಗು ತಡೆಯಲಾಗಲಿಲ್ಲ.

"ನಾನೂ ನಕ್ಕೆ. ಇದೇನೇ ಹುಚ್ಚಾಟ ಅಂದೆ. ಅವ್ಳು ನಗ್ಲಿಲ್ಲ. ಚಪ್ಪಲಿ ಆಚೆ ಬಿಟ್ಟು, ಯಾರದೋ ಮನೆಗೆ ಬಂದೋರ ಥರ ಕುರ್ಚಿ ತುದೀಲಿ ಕೂತ್ಲು. ಬಿಪಿ ನೋಡಿದ್ಲು. ನಿದ್ದೆ ಬರುತ್ತಾ ಅಂದ್ಲು. ಕೋವಿ ಇದ್ಯಾ, ಎಲ್ಲಿಟ್ಟಿದ್ದೀರಾ ಅಂದ್ಲು. ಪ್ರತಿ ವರ್ಷ ಆಯುಧಪೂಜೇಲಿ ಅದಕ್ಕೆ ಕುಂಕುಮ ಇಡೋಳು ಅವಳೇ! ಎಲ್ಲಾ ಹೇಳ್ದೆ. ಆಮೇಲೆ ಪೆನ್ನು ಮುಚ್ಚಿಟ್ಟು, 'ಬದುಕು ಬೇಡ ಅಂತ ಯಾವತ್ತಾದ್ರೂ ಅನ್ಸಿದ್ಯಾ ನಿಮಗೆ?' ಅಂತ ಕೇಳಿದ್ಲು."

"ನೀವೇನಂದ್ರಿ ಮಾವ?"

"ಹೂಂ ಅಂದೆ." ಮಾವ ರಸ್ತೆಯ ಕಡೆ ನೋಡಿದರು. ಅಲ್ಲಿ ಅತ್ತೆಯ ದನಿ ಏರಿತ್ತು. "ಹೆಂಡ್ತಿ ಕೇಳಿದ್ರೆ ಇಲ್ಲ ಅಂತಿದ್ದೆ ಕಣಮ್ಮ. ನರ್ಸಮ್ಮಂಗೆ ಹೇಳ್ಬಿಟ್ಟೆ."

ಮಾವ ಈಗ ನಮ್ಮ ಆಸ್ಪತ್ರೆಗೆ ಬಂದು ಮನಸ್ಸಿನ ಡಾಕ್ಟರನ್ನು ಕಾಣುತ್ತಾರೆ. ಮಾತ್ರೆ ಕಹಿ ಎಂದು ಗೊಣಗುತ್ತಾರೆ, ಗೊಣಗುವಷ್ಟು ಮಾತು ಮರಳಿದೆಯಲ್ಲ ಎಂದು ನಮಗೆ ಸಂತೋಷ. ಪೂರ್ತಿ ಸರಿಹೋದರು ಎಂದು ಬರೆದರೆ ಸುಳ್ಳಾಗುತ್ತದೆ. ಕೋವಿ ಇನ್ನೂ ಠಾಣೆಯಲ್ಲೇ ಇದೆ.

ಹೋದ ವಾರ ಅತ್ತೆಯ ಮನೆಗೆ ಹೋಗಿದ್ದಾಗ ಮೇಜಿನ ಮೇಲಿದ್ದ ಅವರ ರಿಜಿಸ್ಟರ್ ತಿರುವಿಹಾಕಿದೆ. ಒಂದೊಂದು ಮನೆಗೂ ಒಂದೊಂದು ಸಾಲು. ಕೊನೆಯ ಪುಟದಲ್ಲಿ, ಅವರ ಏರಿಯಾಕ್ಕೆ ಸೇರದ ಒಂದು ಮನೆಯ ಯಜಮಾನರ ಹೆಸರನ್ನು ಅತ್ತೆ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಉಳಿದ ಮನೆಗಳಿಗೆಲ್ಲ "ಮುಂದಿನ ಭೇಟಿ" ಎಂಬ ಕಡೆ ತಾರೀಕು ಹಾಕಿದ್ದರು. ಈ ಮನೆಗೆ ತಾರೀಕಿರಲಿಲ್ಲ. "ದಿನಾ" ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿದ್ದರು.