ಮೊದಲು ಫ್ಲೆಕ್ಸು, ಆಮೇಲೆ ಚುನಾವಣೆ

ಸುರೇಂದ್ರ: ಪ್ರಾರ್ಥನೆ ಬೆಲ್ ಹೊಡೆಯೋದ್ರೊಳಗೆ ನಾಮಪತ್ರ ವಾಪಸ್ ತಗೋತೀಯೋ ಇಲ್ವೋ?

ಬಿಂದು: ಇಲ್ಲ.

ಸುರೇಂದ್ರ: ನಿನ್ನ ಅಪ್ಪ ಹೇಳ್ತಾ ಇದ್ದೀನಿ!

ಬಿಂದು: ಅಪ್ಪ ಹೇಳಿದ್ರೆ ತಲೆ ಬಾಚ್ಕೊಂಡು ಬರ್ತೀನಿ. ಇದು ಶಾಲೆ ವಿಷಯ, ಸಾರ್.

ಮನೆಯಲ್ಲಿ ಮಗಳ ಬಾಯಿಂದ ‘ಸಾರ್’ ಬಂತೆಂದರೆ ಸುರೇಂದ್ರ ಮೇಷ್ಟ್ರಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಹೊಸನಗರ ತಾಲ್ಲೂಕಿನ ಆ ಹಳ್ಳಿಯ ಪ್ರೌಢಶಾಲೆಯಲ್ಲಿ ಅವರು ಸಮಾಜ ವಿಜ್ಞಾನದ ಮೇಷ್ಟ್ರು, ಬಿಂದು ಅಲ್ಲೇ ಒಂಬತ್ತನೇ ಕ್ಲಾಸು. ಇವತ್ತು ಶಾಲಾ ಸಂಸತ್ತಿನ ಚುನಾವಣೆ, ಅದನ್ನು ನೋಡಲು ಶಿವಮೊಗ್ಗದಿಂದ ಅಧಿಕಾರಿಯೊಬ್ಬರು ಬರುವವರಿದ್ದರು.

ಆ ಶಾಲೆಯಲ್ಲಿ ಚುನಾವಣೆಗೆ ಒಂದು ಪದ್ಧತಿ ಇತ್ತು. ಪರೀಕ್ಷೆಯಲ್ಲಿ ಫಸ್ಟ್ ಬಂದವರು ಪ್ರಧಾನಿ, ಸೆಕೆಂಡ್ ಬಂದವರು ಉಪ ಪ್ರಧಾನಿ, ಅಕ್ಷರ ದುಂಡಗಿದ್ದವರು ವಾರ್ತಾ ಮಂತ್ರಿ, ಮೈಕಟ್ಟು ಚೆನ್ನಾಗಿದ್ದವರು ನೀರಾವರಿ ಮಂತ್ರಿ. ಕೊಡ ಹೊರಬೇಕಲ್ಲ! ‘ಒಪ್ಪಿಗೆ ಇದ್ದೋರು ಕೈ ಎತ್ತಿ’ ಎಂದು ಮೇಷ್ಟ್ರು ಕನ್ನಡಕದ ಮೇಲಿಂದ ನೋಡುತ್ತಾರೆ, ಇಡೀ ಶಾಲೆ ಕೈ ಎತ್ತುತ್ತದೆ. ಇದಕ್ಕೆ ಅವಿರೋಧ ಆಯ್ಕೆ ಎಂದು ಹೆಸರು. ಈ ಸಲ ಫಸ್ಟ್ ಬಂದ ಕಿರಣ್ ಪ್ರಧಾನಿ ಆಗಬೇಕಿತ್ತು. ಅಷ್ಟರಲ್ಲಿ ನಿನ್ನೆ ಸಂಜೆ ಬಿಂದು ಅವನ ಎದುರು ನಾಮಪತ್ರ ಕೊಟ್ಟು ಕೂತಿದ್ದಳು.

ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದ ಮೇಷ್ಟ್ರ ಹೆಂಡತಿ ತನುಜಾ ತಿರುಗಿದಳು.

ತನುಜಾ: ಬೆಳಗ್ಗೆ ಬೆಳಗ್ಗೆ ಎಂತ ಗಲಾಟೆ ನಿಮ್ದು?

ಸುರೇಂದ್ರ: ನಿನ್ನ ಮಗಳಿಗೆ ಸ್ವಲ್ಪ ಹೇಳು.

ತನುಜಾ: ಮಾರ್ಕ್ಸ್ ಬಂದಾಗ ನಿಮ್ಮ ಮಗಳು, ಎಲೆಕ್ಷನ್‌ಗೆ ನಿಂತಾಗ ನನ್ನ ಮಗಳಾ?

ಸುರೇಂದ್ರ: ತಮಾಷೆ ಅಲ್ಲ ಮಾರಾಯ್ತಿ. ಎಲೆಕ್ಷನ್ ಅಂದ್ರೆ ಮಕ್ಕಳಲ್ಲಿ ಎರಡು ಪಾರ್ಟಿ ಆಗುತ್ತೆ, ಒಗ್ಗಟ್ಟು ಒಡೆದು ಹೋಗುತ್ತೆ.

ಬಿಂದು: ‘ಭಿನ್ನಾಭಿಪ್ರಾಯವೇ ಪ್ರಜಾಪ್ರಭುತ್ವದ ಜೀವಾಳ.’ ನೀವೇ ಬರೆಸಿದ್ದು ಸಾರ್. ಕೆಂಪು ಇಂಕಲ್ಲಿ ಅಡಿಗೆರೆ ಬೇರೆ ಹಾಕ್ಸಿದ್ರಿ.

ಸುರೇಂದ್ರ: ಅದು ನಾಲ್ಕು ಮಾರ್ಕಿಗೆ ಕಣೇ!

ಹೇಳಿದ ಮೇಲೆ ಮೇಷ್ಟ್ರಿಗೇ ಕಸಿವಿಸಿಯಾಯಿತು. ಹೋದ ತಿಂಗಳು ಸಾಗರದ ತರಬೇತಿಯಲ್ಲಿ ‘ಪ್ರಶ್ನೆ ಕೇಳುವ ಮಗುವೇ ನಾಳಿನ ಪ್ರಜೆ’ ಎಂದು ಎರಡು ಗಂಟೆ ಮಾತಾಡಿ ಶಾಲು ಹೊದೆಸಿಕೊಂಡು ಬಂದ ಮನುಷ್ಯ ಅವರು. ಆ ಮಗು ತಮ್ಮ ಮನೆಯಲ್ಲೇ ಇರಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ದಾರಿ ಬದಲಿಸಿದರು.

ಸುರೇಂದ್ರ: ಅದಿರಲಿ. ಮೇಷ್ಟ್ರ ಮಗಳೇ ನಿಂತ್ರೆ ಊರವರು ಎಂತ ಅಂತಾರೆ? ಕುಟುಂಬ ರಾಜಕಾರಣ ಅಂತಾರೆ!

ತನುಜಾ: ಓಹೋ! ನನ್ನನ್ನ ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ಲಿಸ್ದಾಗ ಈ ಮಾತು ಎಲ್ಲಿ ಹೋಗಿತ್ತು?

ಸುರೇಂದ್ರ: ಅದು ಮಹಿಳಾ ಸಬಲೀಕರಣ.

ತನುಜಾ: ಹೌದೌದು. ಮೊದಲ್ನೇ ಸಭೇಲಿ ‘ತನುಜಾ’ ಅಂತ ಹೆಸರು ಕರೆದಾಗ ‘ಹಾಜರ್’ ಅಂದೋರು ಯಾರು?

ಮೇಷ್ಟ್ರು ತಲೆ ತಗ್ಗಿಸಿ ಚಟ್ನಿ ಹಾಕಿಕೊಂಡರು. ಈಗಲೂ ಅವರು ಪಂಚಾಯ್ತಿ ಮುಂದೆ ಹಾದರೆ ಯಾರಾದರೊಬ್ಬರು ‘ಮೆಂಬರ್ ಬಂದ್ರು’ ಎಂದು ಎದ್ದು ನಿಲ್ಲುವುದುಂಟು. ಜೋರು ನಡೆಯದಿದ್ದಾಗ ನಯ ಎಂದುಕೊಂಡು ದನಿ ಇಳಿಸಿದರು.

ಸುರೇಂದ್ರ: ಬಿಂದು, ಪುಟ್ಟಿ… ಆಹಾರ ಮಂತ್ರಿ ಮಾಡ್ತೀನಿ. ಬಿಸಿಯೂಟದ ಸಾಂಬಾರು ಮೊದಲು ರುಚಿ ನೋಡೋದೇ ನೀನು.

ಬಿಂದು: ಆ ಸಾಂಬಾರು ಕೊನೆಗೆ ಸಿಕ್ಕಿದ್ರೂ ಸಾಕು.

ಸುರೇಂದ್ರ: ಭಾನುವಾರ ಜೋಗಕ್ಕೆ ಕರ್ಕೊಂಡು ಹೋಗ್ತೀನಿ.

ಬಿಂದು: ಆಮಿಷ ಒಡ್ಡೋದು ಅಪರಾಧ, ಸಾರ್.

ಸುರೇಂದ್ರ: ಅದು ಮತದಾರರಿಗೆ ಒಡ್ಡಿದ್ರೆ. ನೀನು ಅಭ್ಯರ್ಥಿ. ಅಭ್ಯರ್ಥಿ ಜೊತೆ ಆಡಿದ್ರೆ ಅದು ಮಾತುಕತೆ!

ತನುಜಾ: ರೀ, ಅಷ್ಟೆಲ್ಲ ಯಾಕೆ ಒದ್ದಾಡ್ತೀರಿ? ಎಲೆಕ್ಷನ್ ಮಾಡಿ. ಗೆದ್ದೋರು ಗೆಲ್ಲಲಿ.

ಮೇಷ್ಟ್ರ ಕಣ್ಣು ಬಾಗಿಲ ಸಂದಿಗೆ ಹೋಗಿ ಬಂತು. ಹದಿನಾರು ವರ್ಷ ಸಂಸಾರ ಮಾಡಿದ ತನುಜಾಳ ಕಣ್ಣೂ ಹಿಂದೆಯೇ ಹೋಯಿತು. ಅಲ್ಲೊಂದು ಉದ್ದನೆಯ ಸುರುಳಿ ಒರಗಿತ್ತು. ಬಿಂದು ಎಳೆದು ಬಿಚ್ಚಿದಳು. ಫ್ಲೆಕ್ಸು! ‘ಶಾಲಾ ಸಂಸತ್ತಿನ ನೂತನ ಪ್ರಧಾನಿ ಕಿರಣ್‌ಗೆ ಹಾರ್ದಿಕ ಅಭಿನಂದನೆಗಳು. ಅವಿರೋಧವಾಗಿ ಆಯ್ಕೆ ಮಾಡಿದ ಸಮಸ್ತ ಮತದಾರರಿಗೆ ಧನ್ಯವಾದಗಳು.’ ಅದರ ಕೆಳಗೆ ಶಾಲು ಹೊದ್ದು ಕೈಮುಗಿದ ಸುರೇಂದ್ರ ಮೇಷ್ಟ್ರು.

ತನುಜಾ: ಇದು ಯಾವಾಗ ಮಾಡ್ಸಿದ್ದು?

ಸುರೇಂದ್ರ: ಹೋದ ವಾರ ತೀರ್ಥಹಳ್ಳಿಗೆ ಹೋಗಿದ್ನಲ್ಲ, ಆವಾಗ.

ತನುಜಾ: ಎಲೆಕ್ಷನ್ ಯಾವಾಗ?

ಸುರೇಂದ್ರ: ಇವತ್ತು.

ಬಿಂದು: ಟಿವಿಯೋರೂ ಇಷ್ಟು ಬೇಗ ರಿಸಲ್ಟ್ ಹೇಳಲ್ಲ, ಸಾರ್.

ತನುಜಾ: ಗೆದ್ದಿದ್ದು ಕಿರಣ್ ತಾನೆ? ನಿಮ್ಮ ಫೋಟೋ ಯಾಕೆ ಅವನಿಗಿಂತ ದೊಡ್ಡದಿದೆ?

ಸುರೇಂದ್ರ: ಜಾಗ ಉಳಿದಿತ್ತು… ನೋಡು, ಹೆಡ್‌ಮೇಷ್ಟ್ರಿಗೆ ‘ಅವಿರೋಧ ಮಾಡಿಸೋದು ನಂಗೆ ಬಿಡಿ ಸಾರ್’ ಅಂತ ಹೇಳಾಗಿದೆ. ಅಧಿಕಾರಿ ಬಂದು ಕೂತಾಗ ಸ್ವಂತ ಮಗಳನ್ನೇ ಒಪ್ಪಿಸೋಕಾಗ್ಲಿಲ್ಲ ಅಂದ್ರೆ ನನ್ನ ಮುಖ ಎಲ್ಲಿಡ್ಲಿ?

ಬಿಂದು: ಇಲ್ಲೇ ಇದೆಯಲ್ಲ, ಫ್ಲೆಕ್ಸಲ್ಲಿ.

ತನುಜಾ ಸೆರಗು ಬಾಯಿಗೆ ಒತ್ತಿಕೊಂಡಳು. ಮೇಷ್ಟ್ರಿಗೂ ನಗು ಬಂತು, ಆದರೆ ಆ ನಗುವನ್ನು ಸಿಟ್ಟು ಮಾಡಿಕೊಂಡರು.

ಸುರೇಂದ್ರ: ಅಷ್ಟಕ್ಕೂ ಆ ಕಿರಣ್ ನಿಂಗೆ ಎಂತ ಮಾಡಿದ್ದಾನೆ?

ಬಿಂದು: ಅವನು ಎಂತ ಮಾಡ್ತಾನೆ, ಪಾಪ. ನಂದು ಒಂದೇ ಒಂದು ಬೇಡಿಕೆ ಇದೆ, ಅದಕ್ಕೆ ನಿಂತಿದ್ದು. ಅರ್ಧ ಜನ ನನ್ನ ಕಡೆ. ಇನ್ನರ್ಧ ಜನಕ್ಕೂ ಅದೇ ಬೇಕು, ಆದ್ರೆ ನಿಮಗೆ ಹೆದರಿ ಕಿರಣ್ ಕಡೆ.

ತನುಜಾ: ಎಂತದೇ ಅದು ಬೇಡಿಕೆ?

ಬಿಂದು ಉಗುರು ಕಚ್ಚಿದಳು. ದನಿ ಸಣ್ಣದಾಯಿತು.

ಬಿಂದು: ಸಮಾಜ ಪಿರಿಯಡ್ಡಲ್ಲಿ ಬರೀ ನೋಟ್ಸ್ ಬರೆಸೋದು ನಿಲ್ಬೇಕು. ವಾರಕ್ಕೊಂದು ದಿನ ನಾವು ಮಾತಾಡ್ಬೇಕು, ಸಾರ್ ಕೇಳಿಸ್ಕೋಬೇಕು.

ಕಾವಲಿಯ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಯಾರೂ ಮಗುಚಲಿಲ್ಲ. ಮೇಷ್ಟ್ರಿಗೆ ನಿಜವಾಗಿ ನೋವಾಗಿತ್ತು. ತಮ್ಮ ನೋಟ್ಸು ಪಕ್ಕದ ಶಾಲೆಯವರೂ ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ ಎಂದು ಅವರು ಬಹಳ ಜಂಬಪಡುತ್ತಿದ್ದರು.

ಸುರೇಂದ್ರ: ಅಂದ್ರೆ ನೀನು ನಿಂತಿರೋದು ನನ್ನ ವಿರುದ್ಧ!

ಬಿಂದು: ‘ವಿರೋಧ ವ್ಯಕ್ತಿಗಲ್ಲ, ನೀತಿಗೆ.’ ಅದೂ ನಿಮ್ಮ ನೋಟ್ಸೇ, ಸಾರ್.

ತನುಜಾ: ಸಾಕು ನಿಲ್ಸಿ ಇಬ್ರೂ. ಬಸ್ ಬರೋ ಹೊತ್ತಾಯ್ತು. ಇಲ್ಲೇ ವೋಟಿಗೆ ಹಾಕಿ, ಮೂರು ಜನ ಇದ್ದೀವಲ್ಲ. ನಾಮಪತ್ರ ವಾಪಸ್ ತಗೋಬೇಕಾ, ಬೇಡ್ವಾ. ಹೆಚ್ಚು ಬಿದ್ದಿದ್ದೇ ತೀರ್ಮಾನ.

ಸುರೇಂದ್ರ: ಆಯ್ತು. ವಾಪಸ್ ತಗೋಬೇಕು ಅನ್ನೋರು ಕೈ ಎತ್ತಿ!

ಹೇಳುತ್ತ ಅವರು ಕನ್ನಡಕದ ಮೇಲಿಂದ ನೋಡಿದರು. ಬಿಂದುವಿನ ಕೈ ತನ್ನಷ್ಟಕ್ಕೆ ಕಿವಿಯವರೆಗೆ ಹೋಗಿಬಿಟ್ಟಿತು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿಕೊಂಡಳು.

ಬಿಂದು: ಹಂಗೆ ನೋಡಿದ್ರೆ ಯಾರು ಎತ್ತಲ್ಲ ಸಾರ್? ಗುಪ್ತ ಮತದಾನ ಬೇಕು!

ತನುಜಾ ಒಂದು ಚೊಂಬು ತಂದಳು. ಮೂವರ ಕೈಗೂ ಒಂದೊಂದು ಹುಣಸೆ ಬೀಜ, ಒಂದೊಂದು ಹುರಿಗಡಲೆ ಹಾಕಿದಳು.

ತನುಜಾ: ಹುಣಸೆ ಬೀಜ ಹಾಕಿದ್ರೆ ವಾಪಸ್ ತಗೋಬೇಕು ಅಂತ. ಕಡಲೆ ಹಾಕಿದ್ರೆ ಕಣದಲ್ಲಿ ಇರ್ಬೇಕು ಅಂತ. ದೇವರ ಕೋಣೇಲಿ ಇಟ್ಟಿರ್ತೀನಿ, ಒಬ್ಬೊಬ್ರೇ ಹೋಗಿ ಒಂದು ಹಾಕಿ. ಉಳಿದಿದ್ದು ನಿಮ್ಮ ಹತ್ರನೇ ಇರಲಿ, ಯಾರಿಗೂ ತೋರಿಸ್ಬೇಡಿ.

ತನುಜಾ ಹೋದಷ್ಟೇ ಬೇಗ ಬಂದಳು. ಬಿಂದು ಒಳಗೆ ಸ್ವಲ್ಪ ಹೊತ್ತು ಮಾಡಿದಳು. ಕೊನೆಗೆ ಮೇಷ್ಟ್ರು ಹೋದರು.

ದೇವರ ಮುಂದೆ ಒಬ್ಬರೇ ನಿಂತಾಗ ಅವರಿಗೆ ತಮ್ಮ ಅವಸ್ಥೆ ಸ್ಪಷ್ಟವಾಗಿ ಕಾಣಿಸಿತು. ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಒಂದು ಮಗು ನಿಜವಾಗಿ ಪಾಠ ಕಲಿತಿದೆ. ಬೇರೆ ಯಾವ ಮೇಷ್ಟ್ರಾದರೂ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ತಾನು ನೋಡಿದರೆ ಜೋಗದ ಆಸೆ ತೋರಿಸಿ ಕಲಿತದ್ದನ್ನು ವಾಪಸ್ ತಗೋ ಎನ್ನುತ್ತಿದ್ದೇನೆ! ಅವರಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹೆಮ್ಮೆಯೂ ಬಂತು. ಕಡಲೆಯನ್ನು ಚೊಂಬಿಗೆ ಹಾಕಿ, ಹುಣಸೆ ಬೀಜವನ್ನು ಪ್ಯಾಂಟಿನ ಜೇಬಿಗೆ ಸೇರಿಸಿ, ಮುಖ ಮಾತ್ರ ಮೊದಲಿನಂತೆಯೇ ಗಂಟು ಹಾಕಿಕೊಂಡು ಹೊರಬಂದರು. ಮೂರು ಕಡಲೆ ಬಿದ್ದಾಗ ಇವರಿಬ್ಬರ ಮುಖ ನೋಡಬೇಕು ಎಂದುಕೊಂಡರು.

ತನುಜಾ ಚೊಂಬನ್ನು ತಟ್ಟೆಗೆ ಬೋರಲು ಹಾಕಿದಳು.

ತನುಜಾ: ಎರಡು ಕಡಲೆ, ಒಂದು ಹುಣಸೆ. ಬಿಂದು ಕಣದಲ್ಲಿರ್ತಾಳೆ! ಆ ಹುಣಸೆ ಯಾರದ್ದು ಅಂತ ಕೇಳೋದೇ ಬೇಡ ಬಿಡಿ.

ಮೇಷ್ಟ್ರು ಬಾಯಿ ತೆರೆದರು. ಹುಣಸೆ ಎಲ್ಲಿಂದ ಬಂತು? ಬಿಂದು ಗಡಿಬಿಡಿಯಲ್ಲಿ ಚೀಲ ಹೆಗಲಿಗೇರಿಸುತ್ತಿದ್ದಳು. ಅವರು ಬಾಯಿ ಮುಚ್ಚಿದರು.

ತನುಜಾ: ನೋಡು, ಉಸಿರೇ ಇಲ್ಲ!

ಸುರೇಂದ್ರ: ಯಾರಿಗೆ ಹಾಕಿದೆ ಅಂತ ಹೇಳದೇ ಇರೋದು ಮತದಾರನ ಹಕ್ಕು.

ತನುಜಾ: ಹೆಡ್‌ಮೇಷ್ಟ್ರಿಗಾದ್ರೂ ಫೋನ್ ಮಾಡಿ ಹೇಳಿ, ವೋಟಿಂಗ್ ಇದೆ ಅಂತ. ಮತ್ತೆ ಆ ಫ್ಲೆಕ್ಸು ತಗೊಂಡ್ಹೋಗಿ. ಹಿಂದ್ಗಡೆ ಬೆಳ್ಳಗಿದೆ, ಮಗುಚಿ ಕಟ್ಟಿದ್ರೆ ವೋಟ್ ಹಾಕೋಕೆ ಮರೆ ಆಗುತ್ತೆ. ಅಷ್ಟಾದ್ರೂ ಉಪಯೋಗಕ್ಕೆ ಬರ್ಲಿ.

ಬಸ್ ಸ್ಟಾಪಿನಲ್ಲಿ ಇಬ್ಬರೇ ನಿಂತಿದ್ದರು. ಮೇಷ್ಟ್ರ ಕಂಕುಳಲ್ಲಿ ಫ್ಲೆಕ್ಸು. ‘ಸ್ವಂತ ಮಗಳನ್ನೇ ಒಪ್ಪಿಸೋಕಾಗ್ಲಿಲ್ವಾ?’ ಎಂದು ಹೆಡ್‌ಮೇಷ್ಟ್ರು ಫೋನಿನಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿತ್ತು. ಪಕ್ಕದಲ್ಲಿ ‘ಕಟುಂ’ ಎಂದು ಸದ್ದಾಯಿತು.

ಸುರೇಂದ್ರ: ಎಂತದೇ ಜಗೀತಿದ್ದೀಯ?

ಬಿಂದು: ಹುರಿಗಡಲೆ.

ಹೇಳಿದವಳೇ ಜಗಿಯುವುದನ್ನು ನಿಲ್ಲಿಸಿದಳು. ಅವಳ ಕೈಯಲ್ಲಿ ಕಡಲೆ ಉಳಿದಿದ್ದರೆ ಚೊಂಬಿಗೆ ಬಿದ್ದದ್ದು ಹುಣಸೆ ಬೀಜ. ಅದು ಅಪ್ಪನಿಗೂ ಗೊತ್ತಾಯಿತು, ಅಪ್ಪನಿಗೆ ಗೊತ್ತಾದದ್ದು ಮಗಳಿಗೂ ಗೊತ್ತಾಯಿತು.

ಬಿಂದು: ಅಪ್ಪಾ… ಹೆಡ್‌ಮೇಷ್ಟ್ರ ಎದುರು ನಿಂಗೆ ಬೇಜಾರಾಗುತ್ತಲ್ಲ ಅಂತ…

ಸಾರ್ ಹೋಗಿ ಅಪ್ಪ ಬಂದಿತ್ತು. ಮೇಷ್ಟ್ರು ಜೇಬಿಗೆ ಕೈ ಹಾಕಿ ಹುಣಸೆ ಬೀಜವನ್ನು ಹೊರತೆಗೆದು, ಅವಳಿಗೆ ಕಾಣುವಂತೆ ಹಿಡಿದು, ಬೇಲಿಯಾಚೆ ಎಸೆದರು. ಬಿಂದು ಕಣ್ಣು ಕಣ್ಣು ಬಿಟ್ಟಳು.

ಬಿಂದು: ಅಮ್ಮಂಗೆ ಹೇಳ್ಬೇಡ, ಆಯ್ತಾ?

ಸುರೇಂದ್ರ: ಗುಪ್ತ ಮತದಾನ, ನಾನ್ಯಾಕೆ ಹೇಳ್ಲಿ? ಆದ್ರೆ ಶಾಲೇಲಾದ್ರೂ ನಿನ್ನ ವೋಟು ನಿಂಗೇ ಹಾಕ್ಕೊ ಮಾರಾಯ್ತಿ. ಅಲ್ಲಿ ನಂಗೆ ವೋಟಿಲ್ಲ!